ರಾ ಫೈಲ್: ಒಬ್ಬರದು 48 ಎಂಬಿ, ಇನ್ನೊಬ್ಬರದು 25 ಎಂಬಿ, ಯಾಕೆ?

"ಸರ್, ಎರಡೂ 24 ಮೆಗಾಪಿಕ್ಸೆಲ್ ಕ್ಯಾಮೆರಾ. ನನ್ನ ರಾ ಫೈಲ್ 48 ಎಂಬಿ, ಗೆಳೆಯನದು 25. ನನ್ನದೇ ಒಳ್ಳೇದು ಅಲ್ವಾ?" ಮದುವೆ ಫೋಟೋ ತೆಗೆಯುವ ಹುಡುಗರು ಆಗಾಗ ಹೀಗೆ ಕೇಳುತ್ತಾರೆ. ರಾ ಅಂದರೆ ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಕೊಟ್ಟದ್ದನ್ನು ಹೆಚ್ಚುಕಡಿಮೆ ಹಾಗೇ ಉಳಿಸಿದ ಫೈಲ್. ಫೈಲ್ ದಪ್ಪ ಇದ್ದ ಮಾತ್ರಕ್ಕೆ ಚಿತ್ರ ಚೆನ್ನಾಗಿದೆ ಅಂತೇನಿಲ್ಲ.

ಲೆಕ್ಕ ಸುಲಭ. ಸಾಮಾನ್ಯ ಸೆನ್ಸರಿನಲ್ಲಿ ಪ್ರತಿ ಪಿಕ್ಸೆಲ್ ಕೊಡುವುದು ಒಂದೇ ಸಂಖ್ಯೆ. ಕೆಂಪು, ಹಸಿರು, ನೀಲಿ, ಇವುಗಳಲ್ಲಿ ಯಾವುದೋ ಒಂದರದು. ಆ ಸಂಖ್ಯೆ 14 ಬಿಟ್ (8 ಬಿಟ್ ಸೇರಿದರೆ ಒಂದು ಬೈಟ್) ಆದರೆ 24 ಮೆಗಾಪಿಕ್ಸೆಲಿಗೆ, ಅಂದರೆ 2.4 ಕೋಟಿ ಪಿಕ್ಸೆಲಿಗೆ, 42 ಎಂಬಿ, 12 ಬಿಟ್ ಆದರೆ 36. ಸೋನಿಯ ಅನ್‌ಕಂಪ್ರೆಸ್ಡ್ ರಾ (ಕುಗ್ಗಿಸದ್ದು) 14 ಬಿಟ್ಟನ್ನು 16 ಬಿಟ್ಟಿನ ಜಾಗದಲ್ಲಿ ಇಡುತ್ತದೆ. ಹಾಗಾಗಿ 48. ಉಳಿದ ಎರಡು ಬಿಟ್ ಸುಮ್ನೆ ಖಾಲಿ.

ಸೋನಿಯದೇ ಹಳೆಯ ಕಂಪ್ರೆಸ್ಡ್ (ಕುಗ್ಗಿಸಿದ) ರಾ ಇನ್ನೂ ವಿಚಿತ್ರ. ಒಂದೇ ಬಣ್ಣದ 16 ಪಿಕ್ಸೆಲ್ ತೆಗೆದುಕೊಂಡು, ಅತಿ ದೊಡ್ಡ ಮತ್ತು ಅತಿ ಚಿಕ್ಕ ಸಂಖ್ಯೆಗಳನ್ನು ತಲಾ 11 ಬಿಟ್ಟಿನಲ್ಲಿ ಬರೆಯುತ್ತದೆ, ಅವೆರಡು ಎಲ್ಲಿವೆ ಅನ್ನುವುದಕ್ಕೆ ತಲಾ 4 ಬಿಟ್. ಉಳಿದ 14ಕ್ಕೆ ತಲಾ 7 ಬಿಟ್ ಅಷ್ಟೇ. ಒಟ್ಟು 16 ಬೈಟ್, ಅಂದರೆ ಪಿಕ್ಸೆಲಿಗೆ ಒಂದು. ಏನೇ ತೆಗೆದರೂ ಫೈಲ್ ಸುಮಾರು 24 ಎಂಬಿ. ಕಪ್ಪು ಆಕಾಶದಲ್ಲಿ ಒಂದು ನಕ್ಷತ್ರ ಬಂತು ಅಂದುಕೊಳ್ಳಿ. ಎರಡರ ಬೆಳಕಿನ ಅಂತರ ದೊಡ್ಡದು, 7 ಬಿಟ್ ಸಾಲುವುದಿಲ್ಲ. ಎಡಿಟ್ ಮಾಡುವಾಗ ಕತ್ತಲ ಭಾಗವನ್ನು ಜಾಸ್ತಿ ಬೆಳಗಿಸಿದರೆ ಅಂಚಿನಲ್ಲಿ ಒರಟು ಚುಕ್ಕೆ ಕಾಣುತ್ತವೆ. ಮದುವೆ ಮನೆಯಲ್ಲಿ ಯಾರಿಗೂ ಇದು ಕಾಣುವುದಿಲ್ಲ, ಬಿಡಿ.

ಕ್ಯಾನನ್ ದಾರಿ ಬೇರೆ. ಅವರ ಹಳೆಯ ರಾ ಫೈಲ್ ಸಿಆರ್‌2. ಪೂರ್ಣ ಗಾತ್ರದ್ದಾದರೆ ಅದು ಲಾಸ್‌ಲೆಸ್, ಅಂದರೆ ಕುಗ್ಗಿಸಿದರೂ ಏನೂ ಕಳೆಯುವುದಿಲ್ಲ. ಪಕ್ಕದ ಪಿಕ್ಸೆಲ್ ನೋಡಿ ಮುಂದಿನದನ್ನು ಊಹಿಸಿ, ತಪ್ಪಿದ ವ್ಯತ್ಯಾಸವನ್ನಷ್ಟೇ ಬರೆಯುತ್ತದೆ. ತಿಳಿ ಆಕಾಶವಾದರೆ ಊಹೆ ಸುಲಭ, ಫೈಲ್ ಚಿಕ್ಕದು. ಐಎಸ್‌ಒ (ಕತ್ತಲಲ್ಲಿ ಫೋಟೋ ಬೆಳಗಿಸುವ ಸೆಟ್ಟಿಂಗ್) ಏರಿಸಿದರೆ ನಾಯ್ಸ್, ಅಂದರೆ ಅಡ್ಡಾದಿಡ್ಡಿ ಚುಕ್ಕೆ, ಬರುತ್ತದೆ. ನಾಯ್ಸನ್ನು ಊಹಿಸುವುದು ಯಾರಿಂದಲೂ ಆಗದು, ಫೈಲ್ ಉಬ್ಬುತ್ತದೆ. 100 ಐಎಸ್‌ಒ ಫೋಟೋಗಿಂತ 12800ರ ಗಲೀಜು ಫೋಟೋನೇ ದೊಡ್ಡ ಫೈಲ್! 2018ರ ಎಂ50 ಕ್ಯಾಮೆರಾದಿಂದ ಬಂದ ಸಿಆರ್‌3ಯಲ್ಲಿ ಸಿ-ರಾ ಅಂತ ಇನ್ನೂ ಚಿಕ್ಕದೊಂದಿದೆ, ಅದು ಲಾಸಿ, ಅಂದರೆ ಸ್ವಲ್ಪ ಮಾಹಿತಿ ಬಿಟ್ಟುಬಿಡುತ್ತದೆ.

ನಿಕಾನ್‌ನ ಅನೇಕ ಮಾಡೆಲ್‌ಗಳು 12 ಅಥವಾ 14 ಬಿಟ್, ಯಾವ ಕಂಪ್ರೆಶನ್ ಎಂಬುದನ್ನು ನಮಗೇ ಬಿಡುತ್ತವೆ. ಇದರ ಜೊತೆ ಪ್ರಿವ್ಯೂಗಾಗಿ ಒಳಗೊಂದು ಜೆಪೆಗ್ ಕೂತಿರುತ್ತದೆ. ಅದರ ಗಾತ್ರವೂ ಕಂಪನಿಗೊಂದು ಥರ.

ಮೆನುವಿನಲ್ಲಿ ಲಾಸ್‌ಲೆಸ್ ಕಂಪ್ರೆಸ್ಡ್ ಇದ್ದರೆ ಕಣ್ಣು ಮುಚ್ಚಿಕೊಂಡು ಅದನ್ನೇ ಹಾಕಿ. ಸೋನಿಯಲ್ಲಿ ಅದು 2021ರ ಎ1 ಕ್ಯಾಮೆರಾದಿಂದ ಬಂತು. ಹಳೆಯ ಸೋನಿ ಇದ್ದರೆ ಮದುವೆಗೆ ಕಂಪ್ರೆಸ್ಡ್ ಸಾಕು, ರಾತ್ರಿ ಆಕಾಶಕ್ಕೆ ಅನ್‌ಕಂಪ್ರೆಸ್ಡ್. ಅದರಲ್ಲಿ ಕಾರ್ಡ್ ಬೇಗ ತುಂಬುತ್ತದೆ, ಇನ್ನೊಂದು ಇಟ್ಟುಕೊಂಡಿರಿ.