ದೆವ್ವವೇ ಇಲ್ಲದ ಸಿನಿಮಾ ನಿದ್ದೆ ಕೆಡಿಸಿದ್ದು ಹೇಗೆ?

ಪ್ರಶ್ನೆ: ನಾನು ಹಾರರ್ ಸಿನಿಮಾ ಜಾಸ್ತಿ ನೋಡುತ್ತೇನೆ. ದೆವ್ವ, ರಕ್ತ ಯಾವುದಕ್ಕೂ ಈಗ ಹೆದರಿಕೆ ಆಗುವುದಿಲ್ಲ. ಆದರೆ ಹೋದ ತಿಂಗಳು ನೋಡಿದ ಒಂದು ಸಿನಿಮಾ ಇನ್ನೂ ತಲೆಯಿಂದ ಇಳಿದಿಲ್ಲ. ಅದರಲ್ಲಿ ದೆವ್ವ ಇರಲಿಲ್ಲ, ರಕ್ತವೂ ಅಷ್ಟಕ್ಕಷ್ಟೇ. ನಿಮ್ಮನ್ನು ಅತಿ ಹೆಚ್ಚು ಕಾಡಿದ ಹಾರರ್ ಸಿನಿಮಾ ಯಾವುದು ಎಂದು ಯಾರನ್ನು ಕೇಳಿದರೂ ಸುತ್ತಿ ಬಳಸಿ ಅದೇ ಕೆಲವು ಹೆಸರು ಹೇಳುತ್ತಾರೆ. ಅವುಗಳಲ್ಲಿ ಅಂಥದ್ದೇನಿದೆ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕೆಲವು ಸಿನಿಮಾಗಳ ಕೊನೆಯನ್ನೂ ಬಿಚ್ಚಿಟ್ಟಿದ್ದೇನೆ. ಬೇರೆ ದಾರಿ ಇರಲಿಲ್ಲ. ನೀವು ಹೇಳುವ ಸಂಕಟ ಹುಟ್ಟುವುದೇ ಕೊನೆಯಲ್ಲಿ.

ಹೆದರಿಸುವುದು ಬೇರೆ, ಕಾಡುವುದು ಬೇರೆ. ಹೆದರಿಸುವ ಸಿನಿಮಾದ ಪಟ್ಟು ನಿಮಗೆ ಗೊತ್ತೇ ಇದೆ. ಕತ್ತಲೆ ಕೋಣೆ, ಕಿರ್ ಎನ್ನುವ ಬಾಗಿಲು, ಸಂಗೀತ ಗಕ್ಕನೆ ನಿಲ್ಲುತ್ತದೆ, ಧಡ್ ಅಂತ ಒಂದು ಮುಖ. ಕೂತಲ್ಲೇ ಎಗರುತ್ತೀರಿ. ಆಮೇಲೆ ಪಕ್ಕದವರ ಕಡೆ ತಿರುಗಿ ನಗುತ್ತೀರಿ. ಆ ನಗುವಿನಲ್ಲೇ ಎಲ್ಲ ಇದೆ.

ಡಾಲ್ಫ್ ಜಿಲ್ಮನ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ಹೆದರಿದಾಗ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಮೈಯ ಈ ಕಾವು ಸ್ವಿಚ್ ಆರಿಸಿದ ಹಾಗೆ ತಕ್ಷಣ ಆರುವುದಿಲ್ಲ. ಮನಸ್ಸು ಮುಂದಕ್ಕೆ ಹೋದರೂ ಮೈ ಇನ್ನೂ ಬಿಸಿಯಾಗಿಯೇ ಇರುತ್ತದೆ. ಆ ಹೊತ್ತಿಗೆ ನಾಯಕಿ ಬಚಾವಾದರೆ ಉಳಿದ ಕಾವೆಲ್ಲ ಸಮಾಧಾನಕ್ಕೆ ಸೇರಿಕೊಂಡು ಖುಷಿ ಇಮ್ಮಡಿಯಾಗುತ್ತದೆ. ಬಚಾವಾಗದಿದ್ದರೆ? ಅದೇ ಕಾವು ಸಂಕಟಕ್ಕೆ ಸೇರಿಕೊಳ್ಳುತ್ತದೆ. ನನ್ನ ಭಾಷೆಯಲ್ಲಿ ಹೇಳುವುದಾದರೆ, ಹೆದರಿಸುವ ಸಿನಿಮಾ ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸುತ್ತದೆ. ಕಾಡುವ ಸಿನಿಮಾ ಬಾಕಿ ಇಟ್ಟು ಕಳಿಸುತ್ತದೆ.

1988ರ ಡಚ್ ಸಿನಿಮಾ 'ಸ್ಪೋರ್‌ಲೋಸ್' ತಗೊಳ್ಳಿ. ನಿರ್ದೇಶಕ ಜಾರ್ಜ್ ಸ್ಲೈಜರ್. ರೆಕ್ಸ್ ಮತ್ತು ಸಾಸ್ಕಿಯಾ ಎಂಬ ಜೋಡಿ ರಜೆ ಕಳೆಯಲು ಫ್ರಾನ್ಸಿಗೆ ಕಾರಿನಲ್ಲಿ ಹೊರಟಿದೆ. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕ್. ಹಾಡುಹಗಲು, ಸುತ್ತ ಜನವೋ ಜನ. ಕುಡಿಯಲು ಏನಾದರೂ ತರುತ್ತೇನೆ ಎಂದು ಸಾಸ್ಕಿಯಾ ಅಂಗಡಿಗೆ ಹೋಗುತ್ತಾಳೆ. ಅಷ್ಟೇ, ಮತ್ತೆ ಬರುವುದಿಲ್ಲ. ರೆಕ್ಸ್ ಮೂರು ವರ್ಷ ಹುಡುಕುತ್ತಾನೆ. ಅವಳು ಬದುಕಿಲ್ಲ ಅಂತ ಅವನಿಗೂ ಹೆಚ್ಚುಕಮ್ಮಿ ಗೊತ್ತು. ಏನಾಯಿತು ಅಂತ ತಿಳಿದರೆ ಸಾಕು ಎನ್ನುವಷ್ಟಕ್ಕೆ ಬಂದು ನಿಂತಿರುತ್ತಾನೆ.

ಅಪಹರಿಸಿದವನು ಯಾರು ಎಂಬುದನ್ನು ಸಿನಿಮಾ ಬಚ್ಚಿಡುವುದೇ ಇಲ್ಲ. ಅವನೊಬ್ಬ ಕೆಮಿಸ್ಟ್ರಿ ಮೇಷ್ಟ್ರು. ಹೆಂಡತಿ ಇದ್ದಾಳೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಕ್ಲೋರೋಫಾರ್ಮ್ ಎಷ್ಟು ಹೊತ್ತು ಕೆಲಸ ಮಾಡುತ್ತದೆ ಅಂತ ತನ್ನ ಮೇಲೇ ಪ್ರಯೋಗ ಮಾಡಿ ಹೊತ್ತು ಅಳೆಯುತ್ತಾನೆ. ಹೆಂಗಸರನ್ನು ಕಾರಿಗೆ ಹತ್ತಿಸಿಕೊಳ್ಳುವುದನ್ನು ಒಬ್ಬನೇ ತಾಲೀಮು ಮಾಡುತ್ತಾನೆ, ನಾಡಿಬಡಿತ ಎಣಿಸಿ ಬರೆದಿಡುತ್ತಾನೆ. ಇದನ್ನೆಲ್ಲ ಪಾಠದ ನೋಟ್ಸ್ ತಯಾರಿಸುವ ಹಾಗೆ ಮಾಡುತ್ತಾನೆ. ನಮಗೆ ನಗುವೂ ಬರುತ್ತದೆ. ಆ ನಗುವಿಗೆ ಆಮೇಲೆ ನಾಚಿಕೆಪಡುತ್ತೇವೆ, ಆ ಮಾತು ಬೇರೆ.

ಕೊನೆಗೆ ಅವನೇ ರೆಕ್ಸ್ ಎದುರು ಬಂದು ನಿಲ್ಲುತ್ತಾನೆ. ಸಾಸ್ಕಿಯಾಳಿಗೆ ಏನಾಯಿತೆಂದು ತಿಳಿಯಬೇಕಾದರೆ ಅವಳಿಗೆ ಆದದ್ದೇ ನಿನಗೂ ಆಗಬೇಕು ಎನ್ನುತ್ತಾನೆ. ಮತ್ತಿನ ಔಷಧ ಬೆರೆಸಿದ ಕಾಫಿ ಮುಂದಿಡುತ್ತಾನೆ. ರೆಕ್ಸ್ ಬೈಯುತ್ತಾನೆ, ಹೊಡೆಯುತ್ತಾನೆ, ಅತ್ತಿಂದಿತ್ತ ಓಡಾಡುತ್ತಾನೆ. ಆಮೇಲೆ ಕುಡಿಯುತ್ತಾನೆ. ಎಚ್ಚರವಾದಾಗ ಕತ್ತಲು. ಲೈಟರ್ ಹಚ್ಚುತ್ತಾನೆ. ಮೂಗಿನ ಮೇಲೇ ಮರದ ಹಲಗೆ. ಅವನು ಮಣ್ಣಿನಡಿ ಪೆಟ್ಟಿಗೆಯೊಳಗಿದ್ದಾನೆ. ಮೇಲೆ, ಬೆಳಕಿನಲ್ಲಿ, ಆ ಮೇಷ್ಟ್ರು ಹೆಂಡತಿ ಮಕ್ಕಳ ಜೊತೆ ಆರಾಮಾಗಿ ಕೂತಿದ್ದಾನೆ.

ಇಡೀ ಸಿನಿಮಾದಲ್ಲಿ ಒಂದು ತೊಟ್ಟು ರಕ್ತ ನೋಡಿದ ನೆನಪು ನನಗಿಲ್ಲ. ನಾನು ಇದನ್ನು ನೋಡಿದ್ದು ಭಾನುವಾರ ಮಧ್ಯಾಹ್ನ, ಕಿಟಕಿ ತೆರೆದಿಟ್ಟುಕೊಂಡು. ಆ ರಾತ್ರಿ ಹೊದಿಕೆ ಮುಖದ ಮೇಲೆ ಸರಿದಾಗ ಧಡಕ್ಕನೆ ಎದ್ದು ಕೂತೆ. ನನ್ನನ್ನು ಚುಚ್ಚಿದ್ದು ಪೆಟ್ಟಿಗೆ ಮಾತ್ರ ಅಲ್ಲ. ರೆಕ್ಸ್ ಆ ಕಾಫಿ ಕುಡಿಯಲಿ ಅಂತ ನಾನೂ ಕಾಯುತ್ತಿದ್ದೆ. ಏನಾಯಿತು ಅಂತ ನನಗೂ ತಿಳಿಯಬೇಕಿತ್ತು.

ಇದೇ ಸ್ಲೈಜರ್ 1993ರಲ್ಲಿ ಇದೇ ಕಥೆಯನ್ನು ಅಮೆರಿಕದಲ್ಲಿ ಮತ್ತೆ ತೆಗೆದರು. ಅದರಲ್ಲಿ ನಾಯಕ ಬಚಾವಾಗುತ್ತಾನೆ, ಕೆಟ್ಟವನಿಗೆ ಶಿಕ್ಷೆಯಾಗುತ್ತದೆ. ಅದು ನನ್ನನ್ನು ಒಂದು ರಾತ್ರಿಯೂ ಎಬ್ಬಿಸಿಲ್ಲ. ಕಥೆ ಒಂದೇ, ನಿರ್ದೇಶಕ ಒಬ್ಬರೇ, ಬದಲಾದದ್ದು ಬಾಕಿ ತೀರಿಸಿದ್ದು ಮಾತ್ರ.

ಇನ್ನು 'ಹೆರೆಡಿಟರಿ', 2018ರದ್ದು. ಆರಿ ಆಸ್ಟರ್ ಅವರ ಮೊದಲ ಪೂರ್ಣ ಪ್ರಮಾಣದ ಸಿನಿಮಾ. ಇದರಲ್ಲಿ ದೆವ್ವ ಭೂತ ಎಲ್ಲ ಇದೆ. ಆದರೆ ನೋಡಿದವರನ್ನು ಕೇಳಿ, ಹೆಚ್ಚಿನವರು ಹೇಳುವುದು ಕಾರಿನ ದೃಶ್ಯವನ್ನೇ. ಅಣ್ಣ ಪೀಟರ್ ಪಾರ್ಟಿಗೆ ಹೊರಟಾಗ ಅಮ್ಮ ತಂಗಿಯನ್ನೂ ಗಂಟು ಹಾಕಿ ಕಳಿಸುತ್ತಾಳೆ. ಅಲ್ಲಿ ತಿಂದ ಕೇಕ್ ತಂಗಿಗೆ ಅಲರ್ಜಿಯಾಗುತ್ತದೆ. ಉಸಿರು ಕಟ್ಟುತ್ತಿದೆ. ಅಣ್ಣ ಕಾರನ್ನು ಹುಚ್ಚಾಬಟ್ಟೆ ಓಡಿಸುತ್ತಿದ್ದಾನೆ, ತಂಗಿ ಗಾಳಿಗಾಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಾಳೆ. ರಸ್ತೆಯಲ್ಲಿ ಸತ್ತು ಬಿದ್ದ ಪ್ರಾಣಿ. ಅವನು ಸ್ಟಿಯರಿಂಗ್ ತಿರುಗಿಸುತ್ತಾನೆ. ಪಕ್ಕದಲ್ಲಿ ಕಂಬ.

ಮಾಮೂಲಿ ಸಿನಿಮಾ ಆದರೆ ಇಲ್ಲೇ ಕಿರುಚಾಟ, ಸಂಗೀತ, ಆಂಬುಲೆನ್ಸ್. ಇಲ್ಲಿ ಏನೂ ಇಲ್ಲ. ಕಾರು ನಿಂತಿದೆ. ಕ್ಯಾಮೆರಾ ಪೀಟರ್ ಮುಖದ ಮೇಲೇ ಕೂತಿದೆ. ಅವನು ಹಿಂದೆ ತಿರುಗುವುದಿಲ್ಲ. ಕನ್ನಡಿಯ ಕಡೆ ಕಣ್ಣು ಹೋಗುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ನಿಧಾನಕ್ಕೆ ಕಾರು ಓಡಿಸಿಕೊಂಡು ಮನೆಗೆ ಬಂದು, ಯಾರಿಗೂ ಹೇಳದೆ ಹಾಸಿಗೆಯಲ್ಲಿ ಮಲಗುತ್ತಾನೆ. ಬೆಳಗಾಗುತ್ತದೆ. ಅವನು ಕಣ್ಣು ಬಿಟ್ಟುಕೊಂಡೇ ಇದ್ದಾನೆ. ಅಮ್ಮ ಹೊರಗೆ ಹೋಗುವುದು ಕೇಳಿಸುತ್ತದೆ. ಕಾರಿನ ಬಾಗಿಲು ತೆಗೆಯುವುದು ಕೇಳಿಸುತ್ತದೆ. ಅವಳ ಕೂಗು ಕೇಳಿಸುತ್ತದೆ. ನಾವು ನೋಡುತ್ತಿರುವುದು ಮಾತ್ರ ಹುಡುಗನ ಮುಖವನ್ನೇ.

ಇದು ಯಾಕೆ ಅಷ್ಟು ಕಾಡುತ್ತದೆ ಗೊತ್ತಾ? ಅವನ ಜಾಗದಲ್ಲಿ ಇದ್ದಿದ್ದರೆ ನಾವೂ ಹೋಗಿ ಸುಮ್ನೆ ಮಲಗಿಬಿಡುತ್ತಿದ್ದೆವೇನೋ ಎಂಬ ಗುಮಾನಿ. ದೆವ್ವವನ್ನು ನಂಬದವರೂ ಇದನ್ನು ನಂಬುತ್ತಾರೆ. ಆ ಹುಡುಗಿಗೆ ನಾಲಿಗೆ ಲೊಚಗುಟ್ಟುವ ಅಭ್ಯಾಸ. ಸಿನಿಮಾ ನೋಡಿದ ಮೇಲೆ ತಿಂಗಳುಗಟ್ಟಲೆ ಯಾರು ಲೊಚಗುಟ್ಟಿದರೂ ನನ್ನ ಕುತ್ತಿಗೆ ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು.

ತೋರಿಸದೇ ಕಾಡುವ ಈ ವಿದ್ಯೆ ಹಳೆಯದು. 1960ರ 'ಸೈಕೋ'ದ ಸ್ನಾನದ ದೃಶ್ಯದಲ್ಲಿ ಚಾಕು ಮೈಗೆ ಹೋಗುವುದನ್ನು ನೋಡಿದೆ ಎಂದು ಆಣೆ ಹಾಕುವವರಿದ್ದಾರೆ. ಅಲ್ಲಿ ಇರುವುದು ಚಕಚಕ ಬದಲಾಗುವ ತುಣುಕುಗಳು, ರಕ್ತದ ಬದಲು ಚಾಕೊಲೇಟ್ ಸಿರಪ್, ಕರಬೂಜದಂಥ ಹಣ್ಣಿಗೆ ಚಾಕು ಚುಚ್ಚಿ ಹಿಡಿದ ಸದ್ದು. ಉಳಿದದ್ದನ್ನು ನಮ್ಮ ತಲೆಯೇ ಸೇರಿಸಿಕೊಳ್ಳುತ್ತದೆ. 1974ರ 'ದ ಟೆಕ್ಸಸ್ ಚೈನ್ ಸಾ ಮ್ಯಾಸಕರ್' ಇನ್ನೂ ತಮಾಷೆ. ಹೆಸರು ಕೇಳಿದರೆ ರಕ್ತದ ಕಾಲುವೆ ಹರಿಯಬೇಕು. ನಿರ್ದೇಶಕ ಟೋಬ್ ಹೂಪರ್ ಮಕ್ಕಳೂ ದೊಡ್ಡವರ ಜೊತೆ ನೋಡಬಹುದಾದ ಸರ್ಟಿಫಿಕೇಟ್ ಸಿಗಬಹುದೆಂದು ರಕ್ತವನ್ನು ಕಡಿಮೆ ಮಾಡಿದ್ದರು. ಸಿಗಲಿಲ್ಲ ಬಿಡಿ. ಬ್ರಿಟನ್ನಿನ ಸೆನ್ಸಾರ್ ಮಂಡಳಿಗೆ ಇದು ದೊಡ್ಡ ತಲೆನೋವಾಯಿತು. ಯಾವ ದೃಶ್ಯ ಕತ್ತರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ದಿಗಿಲು ಒಂದು ಕಡೆ ಇಲ್ಲ, ಸಿನಿಮಾದ ತುಂಬ ಹರಡಿಕೊಂಡಿದೆ. ಅಲ್ಲಿ ಇದು ಕತ್ತರಿ ಇಲ್ಲದೆ ಪಾಸಾದದ್ದು 1999ರಲ್ಲಿ.

ಅದೇ ವರ್ಷ ಅಲ್ಲಿ 'ದಿ ಎಕ್ಸಾರ್ಸಿಸ್ಟ್' ಕೂಡ ಮನೆ ವಿಡಿಯೋಗೆ ಮತ್ತೆ ಸಿಕ್ಕಿತು. ಪಿಶಾಚಿ ಹಿಡಿದ ಹುಡುಗಿಯ ಕಥೆ ಹೇಳುವ 1973ರ ಈ ಸಿನಿಮಾ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ತಲೆ ಗಿರ್ರನೆ ತಿರುಗುವುದು, ಹಸಿರು ವಾಂತಿ ಎಲ್ಲ ಇಂದಿನ ಹುಡುಗರಿಗೆ ನಗು ತರಿಸುತ್ತದೆ. ಆದರೆ ನಗುವವರೂ ಒಂದು ಕಡೆ ಸುಮ್ಮನಾಗುತ್ತಾರೆ. ಅದು ಆಸ್ಪತ್ರೆಯ ದೃಶ್ಯ. ಹುಡುಗಿಗೆ ಏನಾಗಿದೆ ಎಂದು ನೋಡಲು ಡಾಕ್ಟರು ಕುತ್ತಿಗೆಗೆ ಸೂಜಿ ಚುಚ್ಚುತ್ತಾರೆ, ರಕ್ತ ಚಿಮ್ಮುತ್ತದೆ, ಯಂತ್ರ ಢಣ್ ಢಣ್ ಎಂದು ಬಡಿಯುತ್ತದೆ. ಅಲ್ಲಿ ಪಿಶಾಚಿ ಇಲ್ಲ. ಒಳ್ಳೆಯದನ್ನೇ ಮಾಡಲು ಹೊರಟ ದೊಡ್ಡವರು, ಏನೂ ತಿಳಿಯದ ಮಗು, ಅಷ್ಟೇ. ಪಿಶಾಚಿಯ ದೃಶ್ಯಕ್ಕಿಂತ ಇದೇ ಭಯಂಕರ ಎನ್ನುವವರ ಪೈಕಿ ನಾನೂ ಒಬ್ಬ.

ಇನ್ನೊಂದು ದಾರಿ ಇದೆ. ನೋಡುವವನನ್ನೇ ಕಟಕಟೆಗೆ ಹತ್ತಿಸುವುದು. ಮಿಖಾಯೆಲ್ ಹಾನೆಕೆ 1997ರ 'ಫನ್ನಿ ಗೇಮ್ಸ್'ನಲ್ಲಿ ಮಾಡಿದ್ದು ಇದನ್ನೇ. ಬಿಳಿ ಕೈಗವಸು ಹಾಕಿದ ಇಬ್ಬರು ಮರ್ಯಾದಸ್ಥ ಹುಡುಗರು ಮೊಟ್ಟೆ ಕೇಳಿಕೊಂಡು ಒಂದು ಮನೆಗೆ ಬರುತ್ತಾರೆ. ಆಮೇಲೆ ಆ ಕುಟುಂಬಕ್ಕೆ ಉಳಿಗಾಲವಿಲ್ಲ. ಒಂದು ಕ್ಷಣ ಮಾತ್ರ ಹೆಂಗಸಿನ ಕೈಗೆ ಬಂದೂಕು ಸಿಗುತ್ತದೆ, ಒಬ್ಬನಿಗೆ ಗುಂಡು ಹೊಡೆಯುತ್ತಾಳೆ. ಅಬ್ಬಾ ಎಂದು ಉಸಿರು ಬಿಡುತ್ತೇವೆ. ಇನ್ನೊಬ್ಬ ರಿಮೋಟ್ ಹುಡುಕಿ ತೆಗೆದು ಸಿನಿಮಾವನ್ನೇ ಹಿಂದಕ್ಕೆ ಓಡಿಸುತ್ತಾನೆ. ಈ ಸಲ ಅವಳ ಕೈಗೆ ಬಂದೂಕು ಸಿಗಲು ಬಿಡುವುದಿಲ್ಲ. ನಾವು ಪಟ್ಟ ಖುಷಿಯನ್ನು ನಮ್ಮ ಕಣ್ಣೆದುರೇ ಕಿತ್ತುಕೊಂಡ ಹಾಗೆ. ಇದು ಪಾಠ ಮಾಡುವ ಸಿನಿಮಾ, ನನಗೆ ಸ್ವಲ್ಪ ಸಿಟ್ಟೂ ಬಂತು. ಆದರೂ ಮರೆಯಲು ಆಗಿಲ್ಲ.

ನವರಸಗಳಲ್ಲಿ ಭಯಾನಕ ಬೇರೆ, ಬೀಭತ್ಸ ಬೇರೆ. ಮೊದಲನೆಯದರ ಬೇರು ಭಯ, ಎರಡನೆಯದರ ಬೇರು ಅಸಹ್ಯ. ಕಾಡಿದ ಸಿನಿಮಾಗಳ ಪಟ್ಟಿಯಲ್ಲಿ ಒಂದಷ್ಟು ಬರೀ ಬೀಭತ್ಸದ ಬಲದಿಂದ ನಿಂತಿವೆ. 1980ರ 'ಕ್ಯಾನಿಬಲ್ ಹೋಲೋಕಾಸ್ಟ್' ಅವುಗಳ ಯಜಮಾನ. ಇಟಲಿಯಲ್ಲಿ ಅದನ್ನು ಜಪ್ತಿ ಮಾಡಿದರು. ನಟರನ್ನು ನಿಜವಾಗಿ ಕೊಂದಿದ್ದಾರೆ ಎಂಬ ಗುಮಾನಿ ಎದ್ದು, ಆ ನಟರು ಬದುಕಿದ್ದಾರೆಂದು ನಿರ್ದೇಶಕ ರುಜೆರೊ ದೆಯೊದಾತೊ ತೋರಿಸಬೇಕಾಯಿತು. ಕಂಬಕ್ಕೆ ಚುಚ್ಚಿದ ಹೆಂಗಸಿನ ದೃಶ್ಯ ತೆಗೆದದ್ದು ಹೇಗೆಂದೂ ವಿವರಿಸಬೇಕಾಯಿತು. ಕಬ್ಬಿಣದ ಕಂಬಕ್ಕೆ ಸೈಕಲ್ ಸೀಟು ಕೂರಿಸಿ ಅದರ ಮೇಲೆ ಅವಳನ್ನು ಕೂರಿಸಿದ್ದರು, ಬಾಯಲ್ಲಿ ಹಗುರ ಮರದ ತುಂಡು ಕಚ್ಚಿಸಿದ್ದರು. ಜನ ಸತ್ತಿರಲಿಲ್ಲ, ಸರಿ. ಪ್ರಾಣಿಗಳನ್ನು ಮಾತ್ರ ನಿಜವಾಗಿಯೇ ಕೊಂದಿದ್ದರು, ಆಮೆಯನ್ನು, ಕೋತಿಗಳನ್ನು. ಅದನ್ನು ನೋಡಿದಾಗ ಆಗುವ ಸಂಕಟಕ್ಕೂ ಸಿನಿಮಾ ಕಲೆಗೂ ಸಂಬಂಧ ಇಲ್ಲ ಎಂದು ನನ್ನ ಅಭಿಪ್ರಾಯ. ಆಮೆಯನ್ನು ಕೊಂದರೆ ಯಾರಿಗಾದರೂ ಕರುಳು ಹಿಂಡುತ್ತದೆ, ಅದಕ್ಕೆ ನಿರ್ದೇಶಕ ಬೇಕಾಗಿಲ್ಲ.

ಸದ್ದಿನಿಂದಲೂ ಆಟ ಆಡುತ್ತಾರೆ. 2002ರ 'ಇರ್ರಿವರ್ಸಿಬಲ್' ಸಿನಿಮಾದ ಮೊದಲ ಭಾಗದ ಹಿನ್ನೆಲೆಯಲ್ಲಿ ಸೆಕೆಂಡಿಗೆ ಸುಮಾರು 27 ಕಂಪನ, ಅಂದರೆ 27 ಹರ್ಟ್ಜ್‌ನ ಗುಂಯ್‌ಗುಡುವ ಸದ್ದು ಸೇರಿಸಿದ್ದರು. ಮನುಷ್ಯರ ಕಿವಿಗೆ ಕೇಳಿಸುವ ಕೆಳಗಿನ ಅಂಚು 20 ಹರ್ಟ್ಜ್ ಆಸುಪಾಸು. ಹಾಗಾಗಿ ಸರಿಯಾಗಿ ಕೇಳಿಸಿತು ಅನ್ನಿಸುವುದಿಲ್ಲ, ಆದರೆ ಹೊಟ್ಟೆ ತೊಳಸಿದ ಹಾಗೆ ಆಯಿತು ಎನ್ನುವವರಿದ್ದಾರೆ.

ಒಬ್ಬರನ್ನು ಕಾಡಿದ್ದು ಇನ್ನೊಬ್ಬರಿಗೆ ಆಕಳಿಕೆ ತರಿಸುವುದಕ್ಕೆ ವಯಸ್ಸೂ ಒಂದು ಕಾರಣ. ಜೋಆನ್ ಕ್ಯಾಂಟರ್ ಎಂಬ ಸಂಶೋಧಕಿ 'ದಿ ಇನ್‌ಕ್ರೆಡಿಬಲ್ ಹಲ್ಕ್' ಧಾರಾವಾಹಿಯ ತುಣುಕು ತೋರಿಸಿ ಮಕ್ಕಳನ್ನು ಗಮನಿಸಿದ್ದರು. ಸಾಧಾರಣ ಮನುಷ್ಯ ಹಸಿರು ದೈತ್ಯನಾಗಿ ಬದಲಾದಾಗ ತೀರಾ ಚಿಕ್ಕ ಮಕ್ಕಳು ಬೆಚ್ಚಿಬಿದ್ದರು. ದೊಡ್ಡ ಮಕ್ಕಳಿಗೆ ಅದೇ ಕ್ಷಣ ನೆಮ್ಮದಿ, ಏಕೆಂದರೆ ದೈತ್ಯ ನಮ್ಮವನೇ, ಕಾಪಾಡಲು ಬಂದಿದ್ದಾನೆ ಅಂತ ಅವರಿಗೆ ಗೊತ್ತು. ಚಿಕ್ಕವರಿಗೆ ಕಣ್ಣಿಗೆ ಕಂಡದ್ದರ ಹೆದರಿಕೆ, ದೊಡ್ಡವರಿಗೆ ಆಗಬಹುದಾದದ್ದರ ಹೆದರಿಕೆ. ನಿಮಗೆ ದೆವ್ವ ಸಾಕಾಗಿ ಪೆಟ್ರೋಲ್ ಬಂಕ್ ಹೆದರಿಸತೊಡಗಿದ್ದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ.

ತಲೆಯಿಂದ ಇಳಿಸುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೀಭತ್ಸಕ್ಕೆ ಮದ್ದು ಸುಲಭ. ಹೇಗೆ ತೆಗೆದರು ಎಂದು ಓದಿ. ಸೈಕಲ್ ಸೀಟಿನ ವಿಷಯ ತಿಳಿದ ಮೇಲೆ ಆ ಕಂಬದ ದೃಶ್ಯ ನನ್ನ ಪಾಲಿಗೆ ಸತ್ತೇಹೋಯಿತು. 'ಸ್ಪೋರ್‌ಲೋಸ್'ಗೆ ಈ ಮದ್ದು ನಾಟಲಿಲ್ಲ. ಅಲ್ಲಿ ಬಿಚ್ಚಿ ನೋಡಲು ಮೇಕಪ್ಪೂ ಇಲ್ಲ, ಯಂತ್ರವೂ ಇಲ್ಲ. ಮೂರನೆಯ ರಾತ್ರಿ ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿ, ಮೊದಲಿಂದ ಕೊನೆಯವರೆಗೆ ಇಡೀ ಕಥೆ ಹೇಳಿದೆ. ಅವಳು ಹಾರರ್ ಸಿನಿಮಾ ಮುಟ್ಟುವವಳೇ ಅಲ್ಲ. ಹೂಂ ಹೂಂ ಎನ್ನುತ್ತಾ ಕೇಳಿದಳು. ನಾನು ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಆರಕ್ಕೇ ಅವಳ ಫೋನ್ ಬಂತು. 'ಅಲ್ಲ ಕಣೋ, ಅವನು ಆ ಕಾಫಿ ಯಾಕೆ ಕುಡಿದ?'