ಪದ ಪರಿಚಯ: ಪೇಟೆಂಟಿನ ‘ಕ್ಲೇಮು’

‘ಹಿಮ್ಮುಖ ಹರಿವಿಗೆ 200 ಪಟ್ಟು ತಡೆ ಎಂದು ಟೆಸ್ಲಾ ವಾಲ್ವಿನ ಪೇಟೆಂಟ್ ಕ್ಲೇಮು ಮಾಡಿದೆ’ ಎಂಬಂಥ ಸಾಲುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಟೆಸ್ಲಾ ವಾಲ್ವು ಎಂದರೆ ನಿಕೊಲಾ ಟೆಸ್ಲಾ ರೂಪಿಸಿದ, ಚಲಿಸುವ ಭಾಗವೇ ಇಲ್ಲದೆ ಹರಿವನ್ನು ಒಂದೇ ದಿಕ್ಕಿಗೆ ಸಲೀಸಾಗಿ ಬಿಡುವ ಕೊಳವೆ. ಅದಕ್ಕೆ ಸಿಕ್ಕ ಅಮೆರಿಕದ 1,329,559ನೇ ಪೇಟೆಂಟಿನಲ್ಲಿ ಆ 200 ಇದೆ, ನಿಜ. ಇರುವುದು ವಿವರಣೆಯ ಭಾಗದಲ್ಲಿ. ಕ್ಲೇಮು ಬೇರೆಯೇ ಭಾಗ. ದಾಖಲೆಯ ಕೊನೆಯಲ್ಲಿ ಅಂಕಿ ಹಾಕಿ ಬರೆದ ವಾಕ್ಯಗಳಿಗೆ ಮಾತ್ರ ಆ ಹೆಸರು.

ಕ್ರಯಪತ್ರದಲ್ಲಿ ಬಾವಿ, ಮರ, ಮಣ್ಣಿನ ಗುಣ ಏನೇ ಬರೆದಿದ್ದರೂ ಜಮೀನು ಎಲ್ಲಿಯವರೆಗೆ ಎಂದು ಹೇಳುವುದು ಚಕ್ಕುಬಂದಿ. ಕ್ಲೇಮು ಮಾಡುವುದೂ ಅದೇ ಕೆಲಸ: ಪೇಟೆಂಟಿನ ಹಕ್ಕು ಎಲ್ಲಿಯವರೆಗೆ ಎಂದು ಹೇಳುವುದು.

ಈ ಪೇಟೆಂಟಿನ ಮೊದಲ ಕ್ಲೇಮು ಕೇಳುವುದು ಇಷ್ಟು: ಕೊಳವೆಯ ಒಳಗೋಡೆಯ ಆಕಾರ ಒಂದು ದಿಕ್ಕಿನ ಹರಿವನ್ನು ಸಲೀಸಾಗಿ ಬಿಡಬೇಕು, ಎದುರು ದಿಕ್ಕಿನದನ್ನು ಪದೇ ಪದೇ ತಿರುಗಿಸಿ ತಡೆಯಬೇಕು. ಎಲ್ಲರೂ ಚಿತ್ರದಲ್ಲಿ ನೋಡುವ ಆ ಹನಿಯಾಕಾರದ ಕುಣಿಕೆಗಳು ಅಲ್ಲಿಲ್ಲ, ಅಂಕಿಯಂತೂ ಇಲ್ಲವೇ ಇಲ್ಲ. ಹಾಗಾಗಿ ಕುಣಿಕೆ ಬಿಟ್ಟು ಬೇರೆ ಆಕಾರದಲ್ಲಿ ಇದೇ ಕೆಲಸ ಮಾಡಿಸಿದವರೂ ಸಿಕ್ಕಿಬೀಳುತ್ತಿದ್ದರು. ಎರಡನೆಯ ಕ್ಲೇಮು ‘ಗೋಡೆಯಲ್ಲಿ ಗುಳಿಗಳಿರಬೇಕು’ ಎಂದು ಸೇರಿಸುತ್ತದೆ. ಷರತ್ತು ಹೆಚ್ಚಿದಷ್ಟೂ ವ್ಯಾಪ್ತಿ ಕಿರಿದು, ಏಕೆಂದರೆ ಕ್ಲೇಮಿನ ಒಂದೊಂದು ಅಂಶವೂ ಎದುರಾಳಿಯ ಯಂತ್ರದಲ್ಲಿ ಇದ್ದರೆ ಮಾತ್ರ ಉಲ್ಲಂಘನೆ. ಹಾಗಿದ್ದರೆ ಕಿರಿದಾಗಿ ಬರೆಯುವುದೇಕೆ? ಹಳೆಯ ಯಂತ್ರವೊಂದನ್ನು ತೋರಿಸಿ ಅಗಲವಾದ ಕ್ಲೇಮನ್ನು ಯಾರಾದರೂ ಹೊಡೆದುಹಾಕಿದರೂ ಕಿರಿದಾದದ್ದು ಉಳಿದೀತು ಎಂದು.

ಇನ್ನು ಆ 200. ವಿವರಣೆಯ ಅಂಕಿಗಳನ್ನು ಪೇಟೆಂಟ್ ಕಚೇರಿಯ ಪರೀಕ್ಷಕರು ಅಳೆದು ನೋಡುವುದಿಲ್ಲ. ಅವರು ನೋಡುವುದು ಕ್ಲೇಮು ಹೊಸತೇ ಎಂದು. ಸ್ಥಿರ ಹರಿವಿನಲ್ಲಿ ಅಳೆದವರಿಗೆ ಸಿಕ್ಕಿರುವ ಅನುಪಾತ ಕೆಲವೇ ಪಟ್ಟು. ಮಿಡಿಯುವ ಹರಿವಿನಲ್ಲಿ ಪರಿಣಾಮ ಹೆಚ್ಚುತ್ತದೆ. ‘ಪೇಟೆಂಟ್ ಸಿಕ್ಕಿದೆ, ಆದ್ದರಿಂದ ಸಾಬೀತಾಗಿದೆ’ ಎಂಬ ವಾದವನ್ನು ದಯವಿಟ್ಟು ಬಿಡಿ.

ಟೆಸ್ಲಾ ಟರ್ಬೈನಿನ ಕಥೆಯಲ್ಲೂ ಗೊಂದಲ ಪೇಟೆಂಟನ್ನು ಸರಿಯಾಗಿ ಓದದೇ ಇರುವುದರಿಂದಲೇ. 1909ರ ಅಕ್ಟೋಬರ್ 21ರಂದು ಸಲ್ಲಿಸಿದ್ದು ಒಂದು ಅರ್ಜಿ. ಕೊನೆಗೆ ಸಿಕ್ಕಿದ್ದು ಎರಡು ಪೇಟೆಂಟ್. ಎರಡರಲ್ಲೂ ಅವೇ ಸಪಾಟು ಬಿಲ್ಲೆಗಳು, ನಡುವೆ ಅದೇ ಸಣ್ಣ ಸಂದು. ಬಿಲ್ಲೆ ತಿರುಗಿಸಿ ನಡುವಿನಿಂದ ಅಂಚಿಗೆ ದ್ರವ ತಳ್ಳಿದರೆ ಪಂಪು (1,061,142). ಅಂಚಿನಿಂದ ಒಳಬಿಟ್ಟ ಹಬೆ ಬಿಲ್ಲೆಯನ್ನು ತಿರುಗಿಸಿ ನಡುವಿನಲ್ಲಿ ಹೊರಬಂದರೆ ಟರ್ಬೈನು (1,061,206). ಕ್ಲೇಮುಗಳು ಬೇರೆ, ಆದ್ದರಿಂದ ಟರ್ಬೈನಿನ ಭಾಗವನ್ನು 1911ರ ಜನವರಿ 17ರಂದು ಪ್ರತ್ಯೇಕ ಅರ್ಜಿಯಾಗಿ ಸಲ್ಲಿಸಲಾಯಿತು. ಎರಡೂ ಮಂಜೂರಾದದ್ದು 1913ರ ಮೇ 6ರಂದು. ಆಗಿನ ಅಮೆರಿಕದ ಕಾನೂನಿನಲ್ಲಿ ಅವಧಿ ಮಂಜೂರಾತಿಯಿಂದ 17 ವರ್ಷ, ಅಂದರೆ 1930ಕ್ಕೆ ಮುಗಿಯಿತು. ‘1913ರಲ್ಲಿ ಕಂಡುಹಿಡಿದರು’ ಎಂದು ಬರೆಯುವವರು ಮಂಜೂರಾತಿಯ ತಾರೀಕನ್ನೇ ಆವಿಷ್ಕಾರದ ತಾರೀಕು ಮಾಡಿರುತ್ತಾರೆ. ಸಲ್ಲಿಸಿದ ದಿನ ಪೇಟೆಂಟಿನ ಪುಟದ ತಲೆಯಲ್ಲೇ ಅಚ್ಚಾಗಿದೆ.