ಸರ್ಕಾರಿ ಶಾಲೆ ಮೇಷ್ಟ್ರಿಗೆ ಸಂಬಳ ಸಾಕಾ? ಚರ್ಚೆಗೆ ಕೂರುವ ಮೊದಲು ಒಂದಿಷ್ಟು ಲೆಕ್ಕ

ಬಿ.ಎಡ್, ಡಿ.ಎಡ್ ಗೆಳೆಯರೇ, ಚರ್ಚಾ ಸ್ಪರ್ಧೆಗೆ ಈ ವಿಷಯ ಪದೇ ಪದೇ ಬರುತ್ತದೆ. "ಗುರು ದೇವರ ಸಮಾನ" ಅಂತ ಶುರು ಮಾಡಿದರೆ ಎರಡು ನಿಮಿಷ ಸುಮ್ನೆ ಹೋಗುತ್ತದೆ. ನೇರ ಲೆಕ್ಕಕ್ಕೆ ಬನ್ನಿ.

27.5% ಅಂದರೆ ಎಷ್ಟು?

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಇದನ್ನು ಉದ್ದವಾಗಿಯೇ ಬರೆಯುತ್ತೇನೆ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಕರ್ನಾಟಕದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. "ಒಂದೇ ಏಟಿಗೆ 27.5% ಜಾಸ್ತಿ ಆಯ್ತಲ್ಲ, ಇನ್ನೇನು ಬೇಕು?" ಅಂತ ಎದುರಿನವರು ಕೇಳೇ ಕೇಳುತ್ತಾರೆ. ಆದರೆ ಈ 27.5% ಹಳೇ ಮೂಲವೇತನದ ಮೇಲಿನದು, ಕೈಗೆ ಬರುತ್ತಿದ್ದ ಸಂಬಳದ ಮೇಲಿನದಲ್ಲ.

1ರಿಂದ 5ನೇ ತರಗತಿಗೆ ಹೊಸದಾಗಿ ಸೇರುವ ಶಿಕ್ಷಕರ ಹಳೇ ಮೂಲವೇತನ 25,800. ಅದಕ್ಕೆ 31% ತುಟ್ಟಿಭತ್ಯೆ ವಿಲೀನ ಮಾಡಿ, 27.5% ಫಿಟ್‌ಮೆಂಟ್ (ಆಯೋಗ ಕೊಟ್ಟ ಹೆಚ್ಚಳ) ಸೇರಿಸಿದರೆ 40,893. ಹೊಸ ಶ್ರೇಣಿಯ ಮುಂದಿನ ಹಂತ 41,300, ಅದೇ ಹೊಸ ಮೂಲವೇತನ. 25,800 ಎಲ್ಲಿ, 41,300 ಎಲ್ಲಿ ಅನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಆ 31% ಮೊದಲೇ ಕೈಗೆ ಬರುತ್ತಿತ್ತು.

ಸಣ್ಣ ಊರಿನ, ಅಂದರೆ 'ಸಿ' ವರ್ಗದ ಬಾಡಿಗೆ ಭತ್ಯೆ ಹಿಡಿದು 2024ರ ಜುಲೈ ಸಂಬಳ ನೋಡಿ. ಮೂಲ 25,800, ತುಟ್ಟಿಭತ್ಯೆ 42.5% ಅಂದರೆ 10,965, ಮಧ್ಯಂತರ ಪರಿಹಾರ (ಹೊಸ ವೇತನ ಬರುವವರೆಗಿನ ತಾತ್ಕಾಲಿಕ ಹೆಚ್ಚಳ) 17% ಅಂದರೆ 4,386, ಬಾಡಿಗೆ ಭತ್ಯೆ 8% ಅಂದರೆ 2,064. ಒಟ್ಟು 43,215. ಆಗಸ್ಟ್‌ನಲ್ಲಿ ಮೂಲ 41,300, ತುಟ್ಟಿಭತ್ಯೆ ಹೊಸ ಲೆಕ್ಕದಲ್ಲಿ 8.5% ಅಂದರೆ 3,511, ಬಾಡಿಗೆ ಭತ್ಯೆ 7.5% ಅಂದರೆ 3,098. ಒಟ್ಟು 47,909. ಮಧ್ಯಂತರ ಪರಿಹಾರ ನಿಂತುಹೋಯಿತು. ನಿಜವಾಗಿ ಹೆಚ್ಚಿದ್ದು 4,694 ರೂಪಾಯಿ, ಸುಮಾರು 11%. ಎನ್‌ಪಿಎಸ್‌ (ಹೊಸ ಪಿಂಚಣಿ ಯೋಜನೆ) ನವರಿಗೆ ಮೂಲವೇತನ, ತುಟ್ಟಿಭತ್ಯೆ ಎರಡೂ ಸೇರಿದ ಮೊತ್ತದ 10% ಕಡಿತ ಬೇರೆ. ಅಂದರೆ ಸುಮಾರು 4,480 ರೂಪಾಯಿ ಕೈಗೇ ಬರುವುದಿಲ್ಲ.

ಪರಿಷ್ಕರಣೆ ಯಾವುದೇ ಇರಲಿ, ಈ ದಾರಿ ಹಿಡಿಯಿರಿ: ಹಿಂದಿನ ತಿಂಗಳ ಒಟ್ಟು, ಈ ತಿಂಗಳ ಒಟ್ಟು, ವ್ಯತ್ಯಾಸ. ಶೇಕಡಾವಾರನ್ನು ಆಮೇಲೆ ನೋಡಿದರಾಯಿತು.

ಇಷ್ಟಾದರೂ ಕಾಯಂ ಶಿಕ್ಷಕರ ಸಂಬಳವನ್ನು ನಾನು ಅನ್ಯಾಯ ಅನ್ನುವುದಿಲ್ಲ. ತಾಲೂಕಿನ ಊರಲ್ಲಿ ಅದು ಮರ್ಯಾದೆಯ ಸಂಬಳವೇ. ಅಲ್ಲಿ ತಕರಾರು ಇರುವುದು ಕೆಲಸದ ಬಗ್ಗೆ.

ಪಾಠದಾಚೆಯ ಕೆಲಸ

"ಮಧ್ಯಾಹ್ನ ನಾಲ್ಕೂವರೆಗೆ ಮನೆ" ಅನ್ನುವವರಿಗೆ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಅನುಸೂಚಿ ತೋರಿಸಿ. ತಯಾರಿಯೂ ಸೇರಿ ವಾರಕ್ಕೆ ಕನಿಷ್ಠ 45 ಗಂಟೆ ಅಂತ ಅದರಲ್ಲಿದೆ. ಅದೇ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ. ಆದರೂ 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಿದವರು ಶಿಕ್ಷಕರೇ. ಅದು ಮುಗಿಯಲಿ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಇದರ ಜೊತೆಗೆ ಎಸ್‌ಎಟಿಎಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ದಾಖಲೆ) ಎಂಟ್ರಿ, ಬಿಸಿಯೂಟದ ಲೆಕ್ಕ. ಮೊಟ್ಟೆಯದೊಂದು ಬೇರೆಯದೇ ಕಥೆ. ಅಂಗಡಿಯಲ್ಲಿ ಬೆಲೆ ಏರಿದಾಗ, ಸರ್ಕಾರ ಕೊಡುವ ದರಕ್ಕೂ ಅದಕ್ಕೂ ಇರುವ ಅಂತರವನ್ನು ಮುಖ್ಯ ಶಿಕ್ಷಕರೇ ಜೇಬಿನಿಂದ ತುಂಬುತ್ತಾರೆ. ಇದು ಯಾವ ಸಂಬಳ ಚೀಟಿಯಲ್ಲೂ ಕಾಣುವುದಿಲ್ಲ.

ಅತಿಥಿ ಶಿಕ್ಷಕರು

"ಸರ್ಕಾರಿ ಶಾಲೆ ಶಿಕ್ಷಕರು" ಅಂದಾಗ ಯಾರ ಮಾತು ಅಂತ ಮೊದಲೇ ಕೇಳಿಬಿಡಿ. ಖಾಲಿ ಹುದ್ದೆಗೆ ಬರುವ ಅತಿಥಿ ಶಿಕ್ಷಕರಿಗೆ, 2025-26ರ ಬಜೆಟ್‌ನಲ್ಲಿ 2,000 ಏರಿಸಿದ ಮೇಲೂ, ಪ್ರಾಥಮಿಕ ಶಾಲೆಯಲ್ಲಿ ಸಿಗುವುದು ತಿಂಗಳಿಗೆ 12,000. ಅದೇ ಪಾಠ, ಅದೇ ಮಕ್ಕಳು, ಕಾಲು ಭಾಗದಷ್ಟು ಹಣ. ತಿಂಗಳಿಗೆ 26 ದಿನ ಅಂತ ಹಂಚಿದರೆ ದಿನಕ್ಕೆ ಸುಮಾರು 460 ರೂಪಾಯಿ. ಅದೇ ವರ್ಷ ನಮ್ಮ ರಾಜ್ಯದ ನರೇಗಾ ಕೂಲಿ 370. ಡಿ.ಎಡ್ ಮಾಡಿ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿ ಬಂದವರಿಗೆ 90 ರೂಪಾಯಿ ಜಾಸ್ತಿ, ಅಷ್ಟೇ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ.

"ತಾತ್ಕಾಲಿಕ ಕೆಲಸ, ಒಪ್ಪಿಯೇ ಬಂದಿದ್ದಾರೆ" ಅನ್ನುವ ಮಾತು ಬಂದೇ ಬರುತ್ತದೆ. ಪಂಜಾಬ್ ಸರ್ಕಾರ ಮತ್ತು ಜಗಜಿತ್ ಸಿಂಗ್ ಪ್ರಕರಣದಲ್ಲಿ 2016ರ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಡಿ. ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೂ ಆ ಹುದ್ದೆಯ ಶ್ರೇಣಿಯ ಕನಿಷ್ಠ ವೇತನ ಸಿಗಬೇಕು ಅಂತ ಅದು ಹೇಳಿತು. ಕೆಲಸ ನಿಜಕ್ಕೂ ಒಂದೇ ಅಂತ ತೋರಿಸುವುದು ನಿಮ್ಮ ಪಾಲಿನ ಹೊಣೆ. ಅದಕ್ಕೆ ಯಾವುದಾದರೂ ಹಳ್ಳಿ ಶಾಲೆಯ ವೇಳಾಪಟ್ಟಿ ತಂದಿಟ್ಟುಕೊಳ್ಳಿ. ಕಾಯಂ ಶಿಕ್ಷಕರಿಗೆ ಎಷ್ಟು ಪಿರಿಯಡ್, ಅತಿಥಿ ಶಿಕ್ಷಕರಿಗೆ ಎಷ್ಟು ಅಂತ ಎಣಿಸಿ ತೋರಿಸಿ.